ವಂತಿಗೆಯ ಲೆಕ್ಕ ಊರ ಮುಂದಿರಲಿ



ಸಾಲದಲ್ಲಿರುವ ರೈತ ಸಂಘಕ್ಕೆ ನೂರು ರೂಪಾಯಿ ಕೊಟ್ಟರೆ ಅದು ಮಿಕ್ಕ ದುಡ್ಡಲ್ಲ, ಮನೆಖರ್ಚು ಹಿಡಿದು ಕೊಟ್ಟ ದುಡ್ಡು. ಬ್ಯಾಂಕಿನವರೇ ಬಡ್ಡಿಯ ಲೆಕ್ಕ ತೋರಿಸಿ ಅಂತ ಕೇಳುವ ನಾವು ಮೊದಲು ನಮ್ಮ ವಂತಿಗೆಯ ಲೆಕ್ಕ ತೋರಿಸಬೇಕು. ಲಾಠಿಗೆ ಒಡೆಯದ ಸಂಘ ಲೆಕ್ಕದ ಗುಮಾನಿಗೆ ಒಡೆಯುತ್ತೆ.

ವ್ಯಾಪಾರಿಗಳು ಈ ವಿದ್ಯೆಯನ್ನು ಎಂದೋ ಕಲಿತರು. ಒಂದೇ ಹಣವನ್ನು ಎರಡು ಕಡೆ ಬರೆಯೋದು: ಎಲ್ಲಿಂದ ಬಂತು, ಎಲ್ಲಿಗೆ ಸೇರಿತು. 1494ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ತಮ್ಮ ಪುಸ್ತಕದಲ್ಲಿ ಲೂಕಾ ಪಾಚೋಲಿ ಇದನ್ನು ವಿವರಿಸಿದರು. ಇದೇ ಪದ್ಧತಿಗೆ ಜಾನ್ ವೀಗ್ಲಿ 2003ರಲ್ಲಿ ‘ಲೆಡ್ಜರ್’ ಎಂಬ ಕಂಪ್ಯೂಟರ್ ಪ್ರೋಗ್ರಾಂ ಬರೆದರು. ಅದರ ಜಾಡಿನಲ್ಲೇ ‘ಎಚ್‌ಲೆಡ್ಜರ್’ ಬಂತು. ಎರಡೂ ಪುಕ್ಕಟೆ. ಲೆಕ್ಕ ಇರೋದು ಬರೀ ಅಕ್ಷರಗಳ ಕಡತದಲ್ಲಿ. ಯಾವ ಕಂಪನಿಯ ಬೀಗವೂ ಅದಕ್ಕಿಲ್ಲ. ಕನ್ನಡದಲ್ಲೇ ಹೀಗೆ ಬರೆಯಬಹುದು:

2025-01-20 ರಸೀದಿ 41
    ಉಗ್ರಾಣ  2 ರಾಗಿ
    ವಂತಿಗೆ:ಮೊಕದ್ದಮೆ:ಮನೆ-12  -2 ರಾಗಿ

ಅಂದರೆ 12ನೇ ಮನೆಯವರು ಮೊಕದ್ದಮೆ ಖರ್ಚಿಗೆ ಕೊಟ್ಟ 2 ಕ್ವಿಂಟಾಲ್ ರಾಗಿ ಉಗ್ರಾಣ ಸೇರಿತು. ಎರಡೂ ಸಾಲು ಕೂಡಿದರೆ ಸೊನ್ನೆ ಬರಬೇಕು. ಬಾರದಿದ್ದರೆ ಯಂತ್ರ ಒಪ್ಪೋದಿಲ್ಲ. ಆ ಮನೆಯವರು ವರ್ಷದಲ್ಲಿ ಏನೇನು ಕೊಟ್ಟರು ಅಂದರೆ ತಕ್ಷಣ ತೆಗೆದುಕೊಡುತ್ತೆ. ಖರ್ಚನ್ನೂ ಹೀಗೇ ಬಾಬುವಾರು ಬರೆದರೆ, ಮೊಕದ್ದಮೆಗೆ ಬಂದ ದುಡ್ಡಲ್ಲಿ ಎಷ್ಟು ಉಳಿದಿರಬೇಕು ಅನ್ನೋದು ಎಲ್ಲರಿಗೂ ಕಾಣುತ್ತೆ.

ಇನ್ನೊಂದು ಗಮನಿಸಿ. ಇಲ್ಲಿ ರಾಗಿಯನ್ನು ರಾಗಿಯಾಗೇ ಬರೆದಿದೆ. ಕೊಟ್ಟ ದಿನದ ಧಾರಣೆ ಹಿಡಿದು ರೂಪಾಯಿ ಬರೆದಿದ್ದರೆ, ಮಾರುವ ದಿನ ಬೆಲೆ ಬಿದ್ದಾಗ ಆ ವ್ಯತ್ಯಾಸ ಖಜಾಂಚಿಯ ತಲೆಗೆ ಸುತ್ತಿಕೊಳ್ಳುತ್ತಿತ್ತು. ಮಾರಿದ ದಿನ ಸಿಕ್ಕ ಧಾರಣೆಯನ್ನೇ ಬರೆದರೆ ಆ ಜಗಳವೇ ಇಲ್ಲ.

ಆದರೆ ಯಂತ್ರ ಕೂಡುತ್ತೆ, ಕಳೆಯುತ್ತೆ, ಸುಳ್ಳು ಹಿಡಿಯೋದಿಲ್ಲ. ರಸೀದಿ ಹರಿಯದೆ ಜೇಬಿಗಿಟ್ಟ ದುಡ್ಡು ಅದಕ್ಕೆ ಗೊತ್ತಾಗೋದಿಲ್ಲ. ಅದಕ್ಕೇ ರಸೀದಿ ಪುಸ್ತಕ ಒಬ್ಬರ ಕೈಲಿ, ಕಡತ ಇನ್ನೊಬ್ಬರ ಕೈಲಿ ಇರಲಿ. ತಿಂಗಳಿಗೊಮ್ಮೆ ಪ್ರಿಂಟ್ ತೆಗೆಸಿ, ಇಬ್ಬರೂ ರುಜು ಹಾಕಿ, ಸಭೆಯಲ್ಲಿ ಓದಿ. ರಸೀದಿ ಇಟ್ಟುಕೊಂಡವರು ತಮ್ಮ ನಂಬರು ಬಂತೋ ಇಲ್ಲವೋ ಕಿವಿಗೊಟ್ಟು ಕೇಳಿ. ಯಾವ ನಂಬರು ಯಾರ ಮನೆ ಅನ್ನೋ ಪಟ್ಟಿ ಮಾತ್ರ ಬೇರೆ ಇರಲಿ. ಯಾರು ಎಷ್ಟು ಕೊಟ್ಟರು ಅನ್ನೋದು ಸಾಲ ಕೊಟ್ಟವನ ಕಿವಿಗೆ ಬೀಳಬೇಕಿಲ್ಲ.

ಸರ್ಕಾರವನ್ನು ಲೆಕ್ಕ ಕೇಳೋಕೆ ಹೊರಟವರ ಕೈಲಿ ತಮ್ಮ ಲೆಕ್ಕ ಮೊದಲು ಇರಬೇಕು. ಮುಂದಿನ ಸಭೆಯಿಂದಲೇ ಶುರು ಮಾಡಿ.