ಮನೆಗೆ ತಲುಪುವ ದಾನ

(ಮಧ್ವನವಮಿಯ ಉಪನ್ಯಾಸದ ಬರಹರೂಪ)

॥ ಶ್ರೀ ಗುರುಭ್ಯೋ ನಮಃ ಹರಿಃ ಓಂ ॥



ಶ್ರೀಮದ್ಭಾಗವತದ ದಶಮಸ್ಕಂಧದಲ್ಲಿ ಬರುವ ಕುಚೇಲನ ಕಥೆಯನ್ನು ಕೇಳದ ಮನೆಯಿಲ್ಲ. ಆದರೆ ಬಡತನವನ್ನು ನೀಗುವ ಕ್ರಮವೊಂದು ಆ ಕಥೆಯಲ್ಲಿ ಅಡಗಿರುವುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ನೆರೆಹೊರೆಯಿಂದ ಬೇಡಿ ತಂದ ನಾಲ್ಕು ಹಿಡಿ ಅವಲಕ್ಕಿಯನ್ನು ಬಟ್ಟೆಯ ತುಂಡಿನಲ್ಲಿ ಕಟ್ಟಿಕೊಟ್ಟವಳು ಪತ್ನಿ. ದ್ವಾರಕೆಗೆ ಬಂದ ವಿಪ್ರನ ಬಾಯಿಂದ ಬೇಡಿಕೆಯ ಒಂದು ಮಾತೂ ಹೊರಡಲಿಲ್ಲ. ಶ್ರೀಕೃಷ್ಣನು ಅವನನ್ನು ಮಂಚದ ಮೇಲೆ ಕುಳ್ಳಿರಿಸಿ ಕಾಲು ತೊಳೆದನು. ಸಾಂದೀಪನಿ ಗುರುಗಳ ಆಶ್ರಮದಲ್ಲಿ ಕಳೆದ ದಿನಗಳನ್ನು ನೆನೆದನು. ಬೀಳ್ಕೊಡುವಾಗ ಕೈಯಲ್ಲಿ ಏನನ್ನೂ ಇಡಲಿಲ್ಲ. ವಿಪ್ರನು ಊರಿಗೆ ಮರಳಿದಾಗ ಅವನ ಮನೆಯೇ ಬದಲಾಗಿತ್ತು.

ಇಲ್ಲಿ ಮೂರು ಪಾಠಗಳಿವೆ. ಮಾನವಂತ ಬಡವನು ಬೇಡುವುದಿಲ್ಲ. ಅವನ ಕಷ್ಟವನ್ನು ಅರಿಯಬೇಕಾದವನು ಕೊಡುವವನೇ. ದ್ರವ್ಯಕ್ಕಿಂತ ಮೊದಲು ಗೌರವ ಸಲ್ಲಬೇಕು. ನೆರವು ಇಡೀ ಮನೆಗೆ ತಲುಪಬೇಕು. ಈ ಮೂರನೆಯ ಪಾಠವೇ ಇಂದಿನ ವಿಚಾರದ ತಿರುಳು.

ನಗರದಲ್ಲಿ ಮದುವೆ-ಮುಂಜಿಗಳ ಅಡಿಗೆಯಿಂದ ಬದುಕುವ ಒಂದು ಸಂಸಾರವನ್ನು ಮನಸ್ಸಿಗೆ ತಂದುಕೊಳ್ಳಬಹುದು. ಮುಹೂರ್ತಗಳಿಲ್ಲದ ತಿಂಗಳುಗಳಲ್ಲಿ ಯಜಮಾನನಿಗೆ ಕೆಲಸವಿಲ್ಲ. ಅವನು ಕಾಯಿಲೆ ಬಿದ್ದರೆ ಪತ್ನಿಯ ಬಳೆ ಅಡವಿಗೆ ಹೋಗುತ್ತದೆ. ಬಡ್ಡಿ ಬೆಳೆದಂತೆ ಹಿರಿಯ ಮಗ ಶಾಲೆ ಬಿಟ್ಟು ತಂದೆಯ ಸೌಟನ್ನು ಹಿಡಿಯುತ್ತಾನೆ. ಇಪ್ಪತ್ತು ವರ್ಷಗಳ ಬಳಿಕ ಅವನ ಮನೆಯಲ್ಲಿಯೂ ಅದೇ ಕಥೆ. ಒಬ್ಬ ಭಕ್ತರು ಶಾಲೆಯ ಶುಲ್ಕವನ್ನು ಕಟ್ಟಿದರೂ ಹುಡುಗನ ದುಡಿಮೆಯಿಲ್ಲದೆ ಬಡ್ಡಿ ತೀರದು. ಇನ್ನೊಬ್ಬರು ಔಷಧಕ್ಕೆ ಹಣವಿತ್ತರೂ ಕೆಲಸವಿಲ್ಲದ ತಿಂಗಳು ತಪ್ಪದು. ಕೊಟ್ಟವರ ಭಾವ ಶುದ್ಧವಾದುದೇ. ಆದರೆ ಒಂದು ತೂತನ್ನು ಮುಚ್ಚಿದಾಗ ಇನ್ನೊಂದರಿಂದ ನೀರು ಸೋರುವ ಕೊಡದಂತೆ ಆ ಸಂಸಾರ ಬರಿದಾಗಿಯೇ ಉಳಿಯುತ್ತದೆ.

ಹಿರಿಯರಿಗೆ ಇದರ ಅರಿವಿರಲಿಲ್ಲವೆಂದಲ್ಲ. ವಾರಾನ್ನದ ಪದ್ಧತಿಯಲ್ಲಿ ಬಡ ವಿದ್ಯಾರ್ಥಿಗೆ ವಾರಕ್ಕೊಂದು ದಿನದಂತೆ ಏಳು ಮನೆಗಳು ಊಟವಿಡುತ್ತಿದ್ದವು. ಮಠ, ವಿದ್ಯಾರ್ಥಿನಿಲಯಗಳು ವಸತಿ ನೀಡುತ್ತಿದ್ದವು. ಮುಂಬಯಿಯಲ್ಲಿ ದಕ್ಷಿಣ ಕನ್ನಡದಿಂದ ಬಂದ ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿದು, ಅಲ್ಲಿಯೇ ಉಂಡು ಮಲಗಿ, ಸಂಜೆ ಕನ್ನಡದ ರಾತ್ರಿಶಾಲೆಗಳಲ್ಲಿ ಕಲಿತರು. ಅನ್ನ, ಆಸರೆ, ಅಕ್ಷರ ಮೂರೂ ಒಟ್ಟಿಗೆ ದೊರೆತುದರಿಂದಲೇ ಅವರಲ್ಲಿ ಅನೇಕರು ತಲೆಯೆತ್ತಿ ನಿಂತರು. ಆದರೂ ಈ ವ್ಯವಸ್ಥೆಯಲ್ಲಿ ಎರಡು ಕೊರತೆಗಳಿದ್ದವು. ಅದು ಹುಡುಗನನ್ನು ಮೇಲೆತ್ತಿತೇ ಹೊರತು ಊರಿನಲ್ಲಿ ಉಳಿದ ತಾಯಿ-ತಂಗಿಯರನ್ನು ತಲುಪಲಿಲ್ಲ. ಪರರ ಜಗಲಿಯಲ್ಲಿ ಊಟದ ಕರೆಗಾಗಿ ಕಾದ ಸಂಕೋಚವನ್ನು ಕೆಲವರು ಮುಪ್ಪಿನವರೆಗೂ ಮರೆಯಲಿಲ್ಲ.

ಇಡೀ ಮನೆಗೆ ನೆರವಾಗುವ ಕ್ರಮವನ್ನು ಈ ಕಾಲದಲ್ಲಿ ಶಾಸ್ತ್ರೀಯವಾಗಿ ರೂಪಿಸಿದ್ದು ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆ. ಅದು 2002ರಲ್ಲಿ ಕಡುಬಡವರಿಗಾಗಿ ಆರಂಭಿಸಿದ ಯೋಜನೆಯಲ್ಲಿ ಕುಟುಂಬಕ್ಕೆ ಹಸು, ಆಡುಗಳಂತಹ ಜೀವನೋಪಾಯ, ಅದರಿಂದ ಆದಾಯ ಬರುವವರೆಗೆ ಊಟದ ವೆಚ್ಚ, ತರಬೇತಿ, ಉಳಿತಾಯದ ಅಭ್ಯಾಸ, ಆರೋಗ್ಯದ ನೆರವು ಇವೆಲ್ಲವೂ ಒಂದಾಗಿ ದೊರೆತವು. ಜೊತೆಗೆ ಸುಮಾರು ಎರಡು ವರ್ಷ ಕಾರ್ಯಕರ್ತರೊಬ್ಬರು ತಪ್ಪದೆ ಮನೆಗೆ ಬಂದು ವಿಚಾರಿಸುತ್ತಿದ್ದರು. ಭಾರತವೂ ಸೇರಿ ಆರು ದೇಶಗಳ 10,000ಕ್ಕೂ ಹೆಚ್ಚು ಕುಟುಂಬಗಳಲ್ಲಿ ಇದೇ ಕ್ರಮವನ್ನು ಪರೀಕ್ಷಿಸಿ, 2015ರಲ್ಲಿ ಫಲಿತಾಂಶವನ್ನು ಪ್ರಕಟಿಸಲಾಯಿತು. ನೆರವು ನಿಂತು ಒಂದು ವರ್ಷವಾದ ಮೇಲೂ ಒಟ್ಟಾರೆಯಾಗಿ ಕುಟುಂಬಗಳ ಸ್ಥಿತಿ ಉತ್ತಮವಾಗಿಯೇ ಇತ್ತು. ಹೊಂಡುರಾಸ್‌ನಲ್ಲಿ ಮಾತ್ರ ಕೊಟ್ಟ ಕೋಳಿಗಳು ರೋಗಕ್ಕೆ ತುತ್ತಾಗಿ ಫಲ ಕುಂದಿತು. ಪಶ್ಚಿಮ ಬಂಗಾಳದಲ್ಲಿ ಹತ್ತು ವರ್ಷಗಳ ಬಳಿಕವೂ ಪ್ರಯೋಜನ ಉಳಿದಿತ್ತು. ಘಾನಾ ದೇಶದಲ್ಲಿ ಕೇವಲ ಆಡುಗಳನ್ನು ಪಡೆದವರಲ್ಲಾಗಲಿ, ಕೇವಲ ಉಳಿತಾಯದ ಅನುಕೂಲವನ್ನು ಪಡೆದವರಲ್ಲಾಗಲಿ ಅಂತಹ ಬಾಳುವ ಫಲ ಕಾಣಲಿಲ್ಲ. ಬಿಹಾರ ಸರಕಾರವು 2018ರಲ್ಲಿ ಇದೇ ಮಾದರಿಯನ್ನು ಕೈಗೆತ್ತಿಕೊಂಡಿತು. ಪಾನನಿಷೇಧದಿಂದ ಜೀವನೋಪಾಯ ಕಳೆದುಕೊಂಡ ಕುಟುಂಬಗಳೂ ಅದರಲ್ಲಿ ಸೇರಿದ್ದವು.

ನಗರದ ಒಂದು ಶಾಖಾಮಠ ಹಸುವನ್ನು ಹಂಚಲಾರದು, ಹಂಚಬೇಕಾಗಿಯೂ ಇಲ್ಲ. ನೂರು ಮನೆಗಳಿಗೆ ವರ್ಷಕ್ಕೊಮ್ಮೆ ಸೀರೆ-ಪಂಚೆಗಳನ್ನು ಹಂಚುವುದರ ಜೊತೆಗೆ ಐದು ಮನೆಗಳನ್ನು ಎರಡು ವರ್ಷಗಳ ಮಟ್ಟಿಗೆ ಪೂರ್ಣವಾಗಿ ವಹಿಸಿಕೊಳ್ಳಬಹುದು. ಮೊದಲು ಅಧಿಕ ಬಡ್ಡಿಯ ಸಾಲ ತೀರಬೇಕು. ಗೃಹಿಣಿಗೆ ಹೊಲಿಗೆಯೋ ಹಪ್ಪಳ-ಸಂಡಿಗೆಯ ವ್ಯಾಪಾರವೋ, ಅವಳಿಗೆ ಒಗ್ಗುವ ದುಡಿಮೆಯೊಂದು ಒದಗಬೇಕು. ಮಗನಂತೆ ಮಗಳ ವಿದ್ಯೆಯೂ ಮುಂದುವರಿಯಬೇಕು. ಸರಕಾರದಿಂದ ಹಕ್ಕಾಗಿ ಬರಬೇಕಾದುದು ಕೈಸೇರಬೇಕು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಆಸ್ಪತ್ರೆಯ ಚಿಕಿತ್ಸೆ ಉಂಟು. 70 ದಾಟಿದ ವೃದ್ಧರಿಗೆ 2024ರಿಂದ ಆದಾಯದ ಮಿತಿಯಿಲ್ಲದೆ ಅದು ಅನ್ವಯಿಸಿದೆ. ಆದರೆ ಕಾಗದಪತ್ರಗಳನ್ನು ಹೊಂದಿಸಲು ತಿಳಿಯದೆ ಎಷ್ಟೋ ಮನೆಗಳು ಇಂತಹ ಸೌಲಭ್ಯದಿಂದ ಹೊರಗುಳಿಯುತ್ತವೆ. ಬ್ಯಾಂಕು, ಕಚೇರಿಗಳಲ್ಲಿ ದುಡಿದು ನಿವೃತ್ತರಾದ ಭಕ್ತರಿಗೆ ಇದಕ್ಕಿಂತ ಮಿಗಿಲಾದ ಸೇವೆ ಯಾವುದಿದೆ? ಧನವಿಲ್ಲದವರೂ ತಿಂಗಳಿಗೆರಡು ಬಾರಿ ಆ ಮನೆಯ ಬಾಗಿಲಿಗೆ ಹೋಗಿ ಯೋಗಕ್ಷೇಮ ವಿಚಾರಿಸಬಹುದು.

ಶ್ರೀಮದಾಚಾರ್ಯರು ಗೀತೆಯನ್ನು ವಿವರಿಸುವಾಗ ಜನಸೇವೆಯನ್ನು ಭಗವಂತನಿಗೆ ಸಲ್ಲಿಸಬೇಕಾದ ಕಂದಾಯವೆಂದು ಭಾವಿಸಿದ್ದಾರೆ. ಕಂದಾಯ ಕಟ್ಟಿದವನು ಸನ್ಮಾನವನ್ನು ಬಯಸುವುದಿಲ್ಲ. ಉಪಕಾರ ಮಾಡಿದೆನೆಂದು ಹೇಳಿಕೊಳ್ಳುವುದೂ ಇಲ್ಲ. ಅದು ಅವನ ಋಣ. ಆದುದರಿಂದ ನೆರವು ಪಡೆದ ಮನೆಯವರನ್ನು ವೇದಿಕೆಗೆ ಕರೆದು ಚಿತ್ರ ತೆಗೆಯುವುದು ಸಲ್ಲದು. ಅವರ ಹೆಸರು ಸ್ಮರಣಸಂಚಿಕೆಯಲ್ಲಿ ಬಾರದಿರುವುದೇ ಲೇಸು. ಆ ಮನೆಯ ಗೃಹಿಣಿ ಒಂದು ದಿನ ತನ್ನ ದುಡಿಮೆಯ ಹತ್ತು ರೂಪಾಯಿಗಳನ್ನು ಮಠದ ಹುಂಡಿಗೆ ಹಾಕಿ, ಎಲ್ಲರಂತೆ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿದರೆ, ಸಲ್ಲಿಸಿದ ಕಂದಾಯ ಒಡೆಯನಿಗೆ ಮುಟ್ಟಿತೆಂದು ತಿಳಿಯಬಹುದು.

॥ ಶ್ರೀಕೃಷ್ಣಾರ್ಪಣಮಸ್ತು ॥