ದೊಡ್ಡ ಪರದೆಯಲ್ಲಿ ನಮ್ಮೂರು



ನವೆಂಬರಿನಲ್ಲಿ ದೆಹಲಿಯ ಹೊಗೆಗೆ ಕಿಟಕಿಯಾಚೆ ಏನೂ ಕಾಣದು. ಮಕ್ಕಳು ದಿನವಿಡೀ ನೋಡುವುದು ಕಂಪ್ಯೂಟರ್ ಪರದೆಯನ್ನೇ. ಹಾಗಾಗಿ ನಾನು ಅಲ್ಲಿ ನಮ್ಮ ನಾಡಿನ ಚಿತ್ರಗಳನ್ನೇ ಹಾಕುತ್ತೇನೆ.

ವಾಟ್ಸಾಪ್‌ನಲ್ಲಿ ಬಂದ ಫೋಟೊ ಮೊಬೈಲಿಗೆ ಚೆಂದ. ಕಳಿಸುವಾಗಲೇ ಕುಗ್ಗಿರುವುದರಿಂದ ದೊಡ್ಡ ಮಾನಿಟರ್‌ನಲ್ಲಿ ಮಸುಕಾಗುತ್ತದೆ. 4ಕೆ ಪರದೆಗೆ 3840 ಪಿಕ್ಸೆಲ್ ಅಗಲ, 2160 ಪಿಕ್ಸೆಲ್ ಎತ್ತರದ ಚಿತ್ರ ಬೇಕು. ವಿಕಿಮೀಡಿಯ ಕಾಮನ್ಸ್‌ನಲ್ಲಿ ಹಂಪಿ, ಜೋಗ, ಪಟ್ಟದಕಲ್ಲು ಎಂದು ಹುಡುಕಿ, ಉಚಿತವಾಗಿ ಸಿಗುತ್ತವೆ. ಅಳತೆ ಅಲ್ಲೇ ಬರೆದಿರುತ್ತದೆ. ಅಡ್ಡಚಿತ್ರವನ್ನೇ ಆರಿಸಿ, ಮೂಲ ಗಾತ್ರದಲ್ಲಿ ಇಳಿಸಿಕೊಳ್ಳಿ. ಐಕಾನ್‌ಗಳಿರುವ ಎಡಬದಿಯಲ್ಲಿ ಬರೀ ಆಕಾಶವಿದ್ದರೆ ಇನ್ನೂ ಒಳ್ಳೆಯದು.

ತಿಂಗಳಿಗೊಮ್ಮೆ ಚಿತ್ರ ಬದಲಿಸಿ. “ಅಮ್ಮಾ, ಇದು ಯಾವ ಊರು?” ಎಂದು ಮಕ್ಕಳು ಹಿಂದಿಯಲ್ಲೇ ಕೇಳಲಿ, ನೀವು ಮಾತ್ರ ಕನ್ನಡದಲ್ಲೇ ಹೇಳಿ.