ನಮ್ಮ ಕೈತೋಟದ ಅಪರಿಚಿತ ಅತಿಥಿಗಳು



ಹೈದರಾಬಾದಿನ ನಮ್ಮ ಮನೆಯ ತಾರಸಿಯ ಮೇಲೆ ಹತ್ತಿಪ್ಪತ್ತು ಕುಂಡಗಳ ಪುಟ್ಟ ಕೈತೋಟವಿದೆ. ಕೆಲವು ವರ್ಷಗಳ ಹಿಂದೆ ಊರಿನಿಂದ ತಂದ ಅವರೆ ಬೀಜ ಹಾಕಿ ಬಳ್ಳಿ ಹಬ್ಬಿಸಿದ್ದೆ. ಹೂ ಬಿಡುವ ಹೊತ್ತಿಗೆ ಕುಡಿಗಳಿಗೆ ಕರಿಹೇನು ಹತ್ತಿತು. ಅದರ ಬೆನ್ನಿಗೇ ಇನ್ನೊಂದು ಹುಳು ಕಾಣಿಸಿತು. ಅಕ್ಕಿಕಾಳಿನಷ್ಟು ಉದ್ದ, ಕಪ್ಪು ಮೈ, ಮೇಲೆ ಕಿತ್ತಳೆ ಮಚ್ಚೆ. ನೋಡಲು ಥೇಟ್ ಪುಟಾಣಿ ಮೊಸಳೆ! ಇದೇ ನನ್ನ ಬಳ್ಳಿಯ ಶತ್ರು ಎಂದುಕೊಂಡು ಔಷಧಿ ತಂದು ಹೊಡೆದೆ. ಮೊಸಳೆಗಳೆಲ್ಲ ಉದುರಿದವು. ಕರಿಹೇನೂ ಕಡಿಮೆಯಾದಂತೆ ಕಂಡಿತು. ಆದರೆ ಎರಡು ವಾರ ಕಳೆಯುವುದರೊಳಗೆ ಕರಿಹೇನು ಮೊದಲಿಗಿಂತ ಹೆಚ್ಚಾಗಿ ಮರಳಿ ಬಂತು. ಆ ವರ್ಷ ಒಂದು ಹಿಡಿ ಕಾಳೂ ಕೈಗೆ ಬರಲಿಲ್ಲ.

ಆಮೇಲೆ ತಿಳಿಯಿತು, ನಾನು ಕೊಂದದ್ದು ಗುಲಗಂಜಿ ಹುಳುವಿನ ಮರಿಗಳನ್ನು. ಕೆಂಪು ಬೆನ್ನಿನ ಮೇಲೆ ಕಪ್ಪು ಗುರುತಿರುವ ಆ ಚೆಂದದ ದುಂಡು ಹುಳುವನ್ನು ನೀವೂ ನೋಡಿರುತ್ತೀರಿ. ಅದರ ಮರಿಗೂ ಅದಕ್ಕೂ ರೂಪದಲ್ಲಿ ಯಾವ ಹೋಲಿಕೆಯೂ ಇಲ್ಲ. ಆ ಮರಿಗಳು ಬಂದದ್ದೇ ಕರಿಹೇನು ತಿನ್ನಲು. ಹೇನು ಮೊಟ್ಟೆಯ ಗೊಡವೆಯಿಲ್ಲದೆ ನೇರವಾಗಿ ಮರಿ ಹಾಕುತ್ತದೆ, ಹಾಗಾಗಿ ಬೇಗ ಚೇತರಿಸಿಕೊಳ್ಳುತ್ತದೆ. ಗುಲಗಂಜಿ ಹುಳು ಮೊಟ್ಟೆಯಿಂದ ದೊಡ್ಡದಾಗಲು ಸುಮಾರು ಮೂರು ವಾರ ಬೇಕು. ನನ್ನ ಔಷಧಿ ಕಳ್ಳನಿಗಿಂತ ಕಾವಲುಗಾರನಿಗೇ ಹೆಚ್ಚು ಕೆಡುಕು ಮಾಡಿತ್ತು.

ಗೊತ್ತಿಲ್ಲದ ಹುಳುವನ್ನು ಕಂಡಾಗ ಏನು ಮಾಡಬೇಕು? ಇದಕ್ಕೆ ನಮ್ಮ ಊರಿನಲ್ಲೇ ಒಂದು ದೊಡ್ಡ ಪಾಠವಿದೆ. ಬೇಗಂಪೇಟೆಯಲ್ಲಿ ಸರ್ ರೊನಾಲ್ಡ್ ರಾಸ್ ಅವರ ಹೆಸರಿನ ಹಳೆಯ ಕಟ್ಟಡವಿದೆ. ಸೇನೆಯ ವೈದ್ಯರಾಗಿದ್ದ ರಾಸ್ 1883ರಲ್ಲಿ ನಮ್ಮ ಬೆಂಗಳೂರಿನಲ್ಲಿದ್ದಾಗಲೇ, ಮನೆಯ ಪಕ್ಕದ ನೀರಿನ ತೊಟ್ಟಿಯಲ್ಲಿ ಸೊಳ್ಳೆ ಮರಿಯಾಗುವುದನ್ನು ಗಮನಿಸಿದ್ದರು. ಮುಂದೆ ಸಿಕಂದರಾಬಾದಿಗೆ ಬಂದು, ಮಲೇರಿಯಾ ರೋಗಿಗಳನ್ನು ಕಚ್ಚಿದ ಸೊಳ್ಳೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಒಂದೊಂದಾಗಿ ಬಿಡಿಸಿ ನೋಡಿದರು. ಏನೂ ಸಿಗಲಿಲ್ಲ. ಕಾರಣ, ಅವರು ನೋಡುತ್ತಿದ್ದದ್ದು ಬೇರೆ ಜಾತಿಯ ಸೊಳ್ಳೆಗಳನ್ನು.

1897ರ ಆಗಸ್ಟ್‌ನಲ್ಲಿ ಆಸ್ಪತ್ರೆಯ ಸಹಾಯಕನೊಬ್ಬ ಗೋಡೆಯ ಮೇಲೆ ಕುಳಿತಿದ್ದ ಒಂದು ಸೊಳ್ಳೆಯನ್ನು ತೋರಿಸಿದ. ಅದು ಬೇರೆ ಸೊಳ್ಳೆಗಳಂತೆ ಗೋಡೆಗೆ ಒರಗಿರಲಿಲ್ಲ, ಹಿಂಭಾಗವನ್ನು ಎತ್ತಿಕೊಂಡು ಕುಳಿತಿತ್ತು. ಕೆಲವೇ ದಿನಗಳಲ್ಲಿ, ತಂದಿಟ್ಟ ಮರಿಹುಳುಗಳಿಂದ ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಕಂದು ಸೊಳ್ಳೆಗಳು ಹೊರಬಂದವು. ರಾಸ್‌ಗೆ ಅವುಗಳ ಹೆಸರು ಗೊತ್ತಿರಲಿಲ್ಲ, ಚುಕ್ಕೆ ರೆಕ್ಕೆಯ ಸೊಳ್ಳೆ ಎಂದೇ ಕರೆದರು. ಆಗಸ್ಟ್ 20ರಂದು ಅಂಥದೊಂದು ಸೊಳ್ಳೆಯ ಹೊಟ್ಟೆಯ ಗೋಡೆಯಲ್ಲಿ ಮಲೇರಿಯಾ ಪರಾವಲಂಬಿ ಕಂಡಿತು. ಅದು ಅನಾಫಿಲಿಸ್. 1902ರಲ್ಲಿ ರಾಸ್‌ಗೆ ನೊಬೆಲ್ ಬಂತು. ಹೆಸರು ಗೊತ್ತಿಲ್ಲದಿದ್ದರೂ, ಹುಳು ಹೇಗೆ ಕುಳಿತಿದೆ, ಹೇಗೆ ಕಾಣುತ್ತದೆ ಎಂದು ಕಣ್ಣಿಟ್ಟು ನೋಡಿದ್ದೇ ಅಲ್ಲಿ ದಾರಿ ತೋರಿಸಿತು.

ನಮ್ಮ ಕೈತೋಟಕ್ಕೂ ಅದೇ ಕ್ರಮ ಸಾಕು. ಮೊದಲು ಕಾಲು ಎಣಿಸಿ. ಆರಿದ್ದರೆ ಕೀಟ, ಎಂಟಿದ್ದರೆ ಜೇಡ ಅಥವಾ ನುಸಿಯ ಬಳಗ. ಆರಿದ್ರಾ ಮಳೆ ಬಿದ್ದಾಗ ಮಣ್ಣಿನಿಂದ ಎದ್ದು ಬರುವ, ಕೆಂಪು ಮಖಮಲ್ಲಿನಂಥ ಪುಟ್ಟ ಜೀವಿಯನ್ನು ಇಲ್ಲಿ ತೆಲುಗಿನವರು ಆರುದ್ರ ಪುರುಗು ಎನ್ನುತ್ತಾರೆ, ದಖನಿ ಮಾತಿನವರು ಬೀರ್ ಬಹೂಟಿ ಎನ್ನುತ್ತಾರೆ. ಕಾಲು ಎಣಿಸಿ ನೋಡಿ, ಎಂಟು! ಅದು ನುಸಿ. ಗಿಡಕ್ಕೆ ಏನೂ ಮಾಡುವುದಿಲ್ಲ. ಮಣ್ಣಿನ ಸಣ್ಣಪುಟ್ಟ ಕೀಟಗಳನ್ನು ತಿಂದುಕೊಂಡಿರುತ್ತದೆ.

ಎರಡನೆಯದು, ಯಾವ ಗಿಡದ ಮೇಲಿದೆ ನೋಡಿ. ಕರಿಬೇವು ಅಥವಾ ನಿಂಬೆಯ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂಥದ್ದು ಕಂಡರೆ ಸ್ವಲ್ಪ ಕಾಯಿರಿ, ಅದು ನಿಧಾನವಾಗಿ ಸರಿಯಬಹುದು. ಬಾಲಚಿಟ್ಟೆಯ ಮರಿ ಅದು. ದೊಡ್ಡದಾದಂತೆ ಹಸಿರಾಗುತ್ತದೆ. ನಾಲ್ಕು ಎಲೆ ಹೋದರೂ ಮಕ್ಕಳಿಗೆ ಒಂದು ಚಿಟ್ಟೆ ಹುಟ್ಟುವುದನ್ನು ತೋರಿಸಬಹುದು.

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಅದು ಏನು ಮಾಡುತ್ತಿದೆ? ಗುಲಗಂಜಿ ಹುಳುವಿನ ದಾಯಾದಿಯೊಂದು ಬದನೆ ಎಲೆಯನ್ನು ಕೆರೆದು ಜಾಲರಿಯಂತೆ ಮಾಡಿಬಿಡುತ್ತದೆ. ಬೆನ್ನಿನ ಮೇಲೆ ಅದಕ್ಕೂ ಚುಕ್ಕೆಗಳಿವೆ, ಆದರೆ ಮೈ ಹೊಳೆಯುವುದಿಲ್ಲ. ಮರಿ ಹಳದಿ, ಮೈತುಂಬ ಮುಳ್ಳು. ಅದನ್ನು ಕೈಯಿಂದ ಆರಿಸಿ ತೆಗೆಯಬೇಕು. ರೂಪ ಮೋಸ ಮಾಡಬಹುದು, ಕೆಲಸ ಮೋಸ ಮಾಡುವುದಿಲ್ಲ. ಎಲೆಯ ಅಡಿಯಲ್ಲಿ ಕೂದಲಿನಂಥ ಎಳೆಯ ತುದಿಗೆ ಬಿಳಿ ಮುತ್ತು ಅಂಟಿಸಿದಂತೆ ಕಂಡರೆ, ಅದು ಹೇನು ತಿನ್ನುವ ಹಸಿರು ಜಾಲರೆಕ್ಕೆ ಕೀಟದ ಮೊಟ್ಟೆ. ಅದನ್ನು ಹಾಗೇ ಬಿಡಿ.

ಇಷ್ಟಾದರೂ ಗುರುತು ಸಿಗದಿದ್ದರೆ ಮೇಲಿನಿಂದ, ಪಕ್ಕದಿಂದ, ಗಿಡದ ಜೊತೆಗೆ ಹೀಗೆ ಮೂರು ಫೋಟೋ ತೆಗೆಯಿರಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಅಳತೆ ತಿಳಿಯುತ್ತದೆ. ದಿನಾಂಕ ಬರೆದಿಟ್ಟು, ಬಲ್ಲವರಿಗೆ ತೋರಿಸಿ. ನಮ್ಮ ರಾಜೇಂದ್ರನಗರದಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ಇದು ಬರೀ ಹವ್ಯಾಸದ ಮಾತಲ್ಲ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮುಸುಕಿನ ಜೋಳದಲ್ಲಿ ಪರಿಚಯವಿಲ್ಲದ ಹುಳು ಕಂಡರು. ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರ, ಬಾಲದ ಹತ್ತಿರ ಚೌಕಾಕಾರದಲ್ಲಿ ನಾಲ್ಕು ಚುಕ್ಕೆ. ಅಮೆರಿಕ ಮೂಲದ ಫಾಲ್ ಸೈನಿಕ ಹುಳು ಭಾರತಕ್ಕೆ ಬಂದದ್ದು ಹಾಗೆ ತಿಳಿಯಿತು. ಕೆಲವೇ ತಿಂಗಳಲ್ಲಿ ಅದು ತೆಲಂಗಾಣದ ಜೋಳದ ಹೊಲಗಳಿಗೂ ಬಂತು.

ಒಂದು ಎಚ್ಚರಿಕೆಯ ಮಾತು. ಗೊತ್ತಿಲ್ಲದ ಹುಳುವನ್ನು ಬರಿಗೈಯಲ್ಲಿ ಮುಟ್ಟಬೇಡಿ. ದಾಸವಾಳದ ಹೂ ತಿನ್ನುವ, ಕಪ್ಪು ಕಿತ್ತಳೆ ಪಟ್ಟೆಯ ದುಂಬಿಯ ಮೈರಸ ತಾಗಿದರೆ ಬೊಬ್ಬೆ ಏಳುತ್ತದೆ. ಮಳೆಗಾಲದ ರಾತ್ರಿ ದೀಪಕ್ಕೆ ಬರುವ, ಇರುವೆಯಂತೆ ಕಾಣುವ ಕಪ್ಪು ಕಿತ್ತಳೆ ಹುಳು ಮೈಮೇಲೆ ಕುಳಿತರೆ ಉಜ್ಜಬೇಡಿ, ಊದಿ ಕಳಿಸಿ. ಉಜ್ಜಿದರೆ ಚರ್ಮ ಸುಟ್ಟಂತಾಗುತ್ತದೆ. ಅಕಸ್ಮಾತ್ ಆದರೆ ಕೂಡಲೇ ಸೋಪಿನಿಂದ ತೊಳೆಯಿರಿ.

ಇನ್ನು, ಕುಂಡದ ಕೆಳಗಿನ ತಟ್ಟೆಯ ನೀರಿನಲ್ಲಿ ಕುಣಿಯುವ ಮರಿಹುಳುಗಳಿಗೆ ಮಾತ್ರ ದಯೆ ಬೇಡ. ಕಾಲಿಗೆ ಬಿಳಿ ಪಟ್ಟೆಯಿರುವ, ಹಗಲಲ್ಲೇ ಕಚ್ಚುವ ಈಡಿಸ್ ಸೊಳ್ಳೆಯ ತೊಟ್ಟಿಲು ಅದು. ಡೆಂಗಿ, ಚಿಕುನ್‌ಗುನ್ಯಾ ತರುವುದು ಅದೇ. ನೀರು ಚೆಲ್ಲಿದರೆ ಸಾಲದು, ವಾರಕ್ಕೊಮ್ಮೆ ತಟ್ಟೆಯ ಅಂಚನ್ನು ಉಜ್ಜಿ ತೊಳೆಯಬೇಕು. ಅಲ್ಲಿ ಅಂಟಿದ ಮೊಟ್ಟೆ ತಿಂಗಳುಗಟ್ಟಲೆ ಒಣಗಿದ್ದರೂ ನೀರು ಸೋಕಿದರೆ ಮರಿಯಾಗುತ್ತದೆ.

ಮರುವರ್ಷ ನನ್ನ ಅವರೆಗೆ ಮತ್ತೆ ಕರಿಹೇನು ಬಂತು. ಈ ಸಲ ಔಷಧಿ ತರಲಿಲ್ಲ. ಬೆಳಿಗ್ಗೆ ಬರೀ ನೀರನ್ನು ರಭಸವಾಗಿ ಹಾಯಿಸಿದೆ. ಸಿಹಿ ಅಂಟಿನ ಆಸೆಗೆ ಹೇನಿಗೆ ಕಾವಲು ಕೂರುವ ಇರುವೆಗಳ ದಾರಿ ತಪ್ಪಿಸಿದೆ. ಆಮೇಲೆ ಕಾದೆ. ಹತ್ತನೆಯ ದಿನಕ್ಕೆ ಆ ಪುಟಾಣಿ ಮೊಸಳೆಗಳು ಬಂದವು. ಸಂಕ್ರಾಂತಿಗೆ ಮನೆಯವರಿಗೆಲ್ಲ ಆಗುವಷ್ಟು ಅವರೆಕಾಳು ಸಿಕ್ಕಿತು.

ನಿಮ್ಮ ಕುಂಡದಲ್ಲೂ ನಾಳೆ ಹೊಸ ಅತಿಥಿಯೊಂದು ಬರಬಹುದು. ಹೊಡೆಯುವ ಮುನ್ನ ಐದು ನಿಮಿಷ ನೋಡಿ. ಅದು ಕಳ್ಳನೋ ಕಾವಲುಗಾರನೋ ಎಂಬುದು ಅದರ ಕೆಲಸದಿಂದಲೇ ತಿಳಿದೀತು.